ಉದರದಲ್ಲಿ ತುಂಬುವ ಲೋಳೆ

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಬರುವುದೆಂದು ವೈದ್ಯಗ್ರಂಥಗಳು ಹೇಳುವ ವ್ಯಾಧಿಯೊಂದನ್ನು, 2011ರ ಜನಗಣತಿಯಂತೆ ಸುಮಾರು 12.5 ಲಕ್ಷ ಜನರಿದ್ದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಲೆಕ್ಕಕ್ಕೆ ತಂದು ನೋಡಿದರೆ, ಮಂಡಿಕಲ್ಲಿನಲ್ಲಿಯೋ ಚಿಂತಾಮಣಿಯಲ್ಲಿಯೋ ಆಯುಷ್ಯವಿಡೀ ರೋಗಿಗಳ ನಾಡಿ ಹಿಡಿದ ವೈದ್ಯರು ಅದನ್ನು ಒಮ್ಮೆಯೂ ಕಾಣದೆ ನಿವೃತ್ತರಾಗಬಹುದೆಂದು ತಿಳಿಯುತ್ತದೆ. ಅಪೂರ್ವವಾದ್ದರಿಂದಲೇ ಅದು ಗ್ಯಾಸು, ಬೊಜ್ಜು, ಹೊಟ್ಟೆಯ ನೀರು ಎಂಬ ಪರಿಚಿತ ಹೆಸರುಗಳ ಮರೆಯಲ್ಲಿ ಬಹುಕಾಲ ಉಳಿಯುತ್ತದೆ.

ವಿಯೆನ್ನಾದ ರೊಕಿಟಾನ್‌ಸ್ಕಿ 1842ರಲ್ಲಿ ವರ್ಣಿಸಿದ ಈ ವ್ಯಾಧಿಗೆ ಸ್ಯೂಡೋಮಿಕ್ಸೋಮಾ ಪೆರಿಟೋನಿಯೈ ಎಂದು ಹೆಸರು. ಬಹುಪಾಲು ಇದರ ಮೂಲ ಅಪೆಂಡಿಕ್ಸ್, ಅಂದರೆ ಕರುಳುಬಾಲ. ಅಲ್ಲಿ ಹುಟ್ಟಿದ ಸಣ್ಣ ಗಂತಿಯು ಲೋಳೆಯನ್ನು ಸುರಿಸುತ್ತಾ, ಕರುಳುಬಾಲವನ್ನು ಉಬ್ಬಿಸಿ ಒಡೆದು, ತನ್ನ ಕೋಶಗಳನ್ನು ಉದರಕುಹರಕ್ಕೆ ಚೆಲ್ಲುತ್ತದೆ. ಇತರ ಅರ್ಬುದಗಳಂತೆ ರಕ್ತದಲ್ಲಿ ಹರಿದು ದೂರದ ಅಂಗಗಳನ್ನು ಸೇರುವುದು ಇದಕ್ಕೆ ವಿರಳ. ಉದರದ ಸಹಜ ದ್ರವದೊಡನೆ ತೇಲಿ ಕಿಬ್ಬೊಟ್ಟೆಯ ತಳದಲ್ಲಿ, ವಪೆಯ ಅಡಿಯಲ್ಲಿ ಅದು ನೆಲೆಸುತ್ತದೆ. ಸದಾ ಚಲಿಸುತ್ತಿರುವ ಸಣ್ಣಕರುಳಿಗೆ ಅದು ಬಹುಕಾಲದವರೆಗೆ ಅಂಟಿಕೊಳ್ಳಲಾರದು.

ಊಟ ಸೇರದೆ ಕೈಕಾಲು ಬಡವಾಗುತ್ತಿದ್ದರೂ ಲಂಗದ ಲಾಡಿ ತಿಂಗಳಿಂದ ತಿಂಗಳಿಗೆ ಬಿಗಿಯಾಗುತ್ತಿದ್ದರೆ ಅದನ್ನು ವಯಸ್ಸಿನ ಬೊಜ್ಜೆಂದು ತಳ್ಳಿಹಾಕಲಾಗದು. ಗಂಡಸರಲ್ಲಿ ಹೊಸದಾಗಿ ಕಾಣಿಸಿಕೊಂಡ ಹರ್ನಿಯಾ, ಹೆಂಗಸರಲ್ಲಿ ಅಂಡಾಶಯದ ಗಡ್ಡೆ, ಕೆಲವೊಮ್ಮೆ ಅಪೆಂಡಿಸೈಟಿಸ್‌ನಂತಹ ನೋವು ಇದರ ಮೊದಲ ಸುಳಿವಾಗುವುದುಂಟು. ನೀರು ತುಂಬಿದೆಯೆಂದು ಸೂಜಿ ಚುಚ್ಚಿದಾಗ ಏನೂ ಬಾರದೆ, ಅಥವಾ ಗಂಜಿಯಂತೆ ಮಂದವಾದ ಲೋಳೆ ತಡೆತಡೆದು ಬಂದರೆ, ಜಾಗರೂಕ ವೈದ್ಯನು ಸಿ.ಟಿ. ಸ್ಕ್ಯಾನಿಗೆ ಕಳುಹಿಸುತ್ತಾನೆ.

ಲೋಳೆಯನ್ನು ಬಾಚಿ ತೆಗೆದಷ್ಟಕ್ಕೇ ಅದು ಮರಳಿ ತುಂಬಿಕೊಳ್ಳುವುದರಿಂದ, ವಾಷಿಂಗ್ಟನ್ನಿನ ಶಸ್ತ್ರವೈದ್ಯ ಪಾಲ್ ಶುಗರ್‌ಬೇಕರ್ ವ್ಯಾಧಿ ಹಿಡಿದ ಉದರಾವರಣವನ್ನೇ ಸುಲಿದು ತೆಗೆಯುವ ಕ್ರಮವನ್ನು ರೂಢಿಗೆ ತಂದರು. ಹತ್ತು ಗಂಟೆಗೂ ಮಿಗಿಲಾಗಿ ನಡೆಯಬಹುದಾದ ಈ ಶಸ್ತ್ರಕ್ರಿಯೆಯ ಕೊನೆಯಲ್ಲಿ, ಮೈಟೊಮೈಸಿನ್‌ನಂತಹ ಔಷಧದ ದ್ರಾವಣವನ್ನು 41ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಒಂದು ಒಂದೂವರೆ ಗಂಟೆ ಹೊಟ್ಟೆಯೊಳಗೇ ಹರಿಸುತ್ತಾರೆ. ಔಷಧವು ಅಂಗಾಂಶದೊಳಕ್ಕೆ ಕೆಲವೇ ಮಿಲಿಮೀಟರು ಇಳಿಯುವುದರಿಂದ, ಮೊದಲು ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆಯಲೇಬೇಕು. ಹೀಗೆ ಚಿಕಿತ್ಸೆ ಪಡೆದ 2,298 ಮಂದಿಯ ವಿವರ 2012ರಲ್ಲಿ ಪ್ರಕಟವಾದಾಗ, ಹತ್ತು ವರ್ಷ ಬದುಕಿದವರ ಪ್ರಮಾಣ ಶೇಕಡ 63 ಎಂದು ಅಂದಾಜಾಯಿತು. ನನ್ನ ಮಟ್ಟಿಗೆ ಇದು ದೊಡ್ಡ ಭರವಸೆ. ಇಷ್ಟು ಭಾರದ ಶಸ್ತ್ರಕ್ರಿಯೆಯನ್ನು ತಾಳಲಾರದ ದುರ್ಬಲರಿಗೆ ಲೋಳೆಯ ಹೊರೆಯನ್ನಷ್ಟೇ ಇಳಿಸಿ ಉಪಶಮನ ನೀಡುವುದೂ ಉಂಟು.

ಈ ಚಿಕಿತ್ಸೆ ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಸಂಶಯವಿರುವವರು 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ತಜ್ಞರನ್ನೂ ಕಾಣಬಹುದು. ಆದರೆ ಅದಕ್ಕಿಂತ ಮೊದಲು, ಶಿಡ್ಲಘಟ್ಟದಲ್ಲಾಗಲಿ ಗೌರಿಬಿದನೂರಿನಲ್ಲಾಗಲಿ ಅಪೆಂಡಿಕ್ಸ್ ಆಪರೇಷನ್ ಆದಾಗ, ತೆಗೆದ ಭಾಗವನ್ನು ಬಯಾಪ್ಸಿಗೆ ಕಳುಹಿಸಿದರೇ ಎಂದು ಮನೆಯವರು ತಪ್ಪದೆ ಕೇಳಿ, ಬಂದ ವರದಿಯನ್ನು ಪಹಣಿಪತ್ರದಷ್ಟೇ ಜೋಪಾನವಾಗಿ ಇರಿಸಿಕೊಂಡು, ಅದರಲ್ಲಿ ಲೋಳೆಯ ಗಂತಿಯೆಂದು ಬರೆದಿದ್ದರೆ ನೋವು ಹೋಯಿತೆಂದು ಸುಮ್ಮನಾಗದೆ ತಜ್ಞರಿಗೆ ತೋರಿಸಿ, ಅವರು ಹೇಳಿದ ಅವಧಿಗಳಲ್ಲಿ ಮರಳಿ ಸ್ಕ್ಯಾನ್ ಮಾಡಿಸಿಕೊಳ್ಳತಕ್ಕದ್ದು.