ಬೇಲಿಯಿಲ್ಲದ ಹೊಲಗಳ ಊರು: ಲ್ಯಾಕ್ಸ್‌ಟನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದಲ್ಲಿ ಲ್ಯಾಕ್ಸ್‌ಟನ್ ಎಂಬ ಪುಟ್ಟ ಗ್ರಾಮವಿದೆ. ಮಧ್ಯಯುಗದ ತೆರೆದ ಹೊಲಗಳ ಬೇಸಾಯಪದ್ಧತಿ ಇಂದಿಗೂ ಉಳಿದುಬಂದಿರುವುದೇ ಈ ಊರಿನ ವೈಶಿಷ್ಟ್ಯ. ಅದು ಉಳಿದ ಬಗೆಯನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

18 ಮತ್ತು 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳ ಬಲದಿಂದ ಆ ದೇಶದ ತೆರೆದ ಹೊಲಗಳಿಗೆ ಬೇಲಿ ಬಿದ್ದಿತು. ಊರೊಟ್ಟಿನ ನೆಲದ ಮೇಲಿದ್ದ ಹಕ್ಕನ್ನು ಅನೇಕ ಬಡ ರೈತರು ಕಳೆದುಕೊಂಡರು. ಲ್ಯಾಕ್ಸ್‌ಟನ್ನಿನಲ್ಲಿ ಮಾತ್ರ ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿಯ ಹೊಲ ಎಂಬ ಮೂರು ವಿಶಾಲ ಬಯಲುಗಳು ಉಳಿದವು. ರೈತರ ಪಾಲು ಇವುಗಳಲ್ಲಿ ಪಟ್ಟಿಪಟ್ಟಿಯಾಗಿ ಹಂಚಿಹೋಗಿದೆ. ಒಂದು ಹೊಲದಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮತ್ತೊಂದು ಬೀಳು. ವರ್ಷವರ್ಷವೂ ಸರದಿ ಬದಲಾಗುತ್ತದೆ. ಮಾರ್ಕ್ ಪಿಯರ್ಸ್ 1635ರಲ್ಲಿ ರಚಿಸಿದ ನಕ್ಷೆಯಲ್ಲಿ ಅಂದಿನ ಒಂದೊಂದು ಪಟ್ಟಿಯೂ ಗುರುತಾಗಿದೆ.

ಬೇಲಿಯಿಲ್ಲದೆಡೆ ಒತ್ತುವರಿಯ ಆಸೆ ಸಹಜ. ನೇಗಿಲು ಒಂದು ಸಾಲು ಆಚೆ ಸರಿದರೂ ನೆರೆಯವನ ನೆಲವೋ ಊರ ದಾರಿಯೋ ಕರಗುತ್ತದೆ. ಆದುದರಿಂದ ನವೆಂಬರ್ ಕೊನೆಯಲ್ಲಿ ಊರಿನ ಪಂಚರು ಗೋಧಿಯ ಹೊಲವನ್ನು ಸುತ್ತಿ, ಎಲ್ಲೆಗಳನ್ನು ಪರಿಶೀಲಿಸಿ, ಗೂಟ ನೆಡುತ್ತಾರೆ. ಈ ಪಂಚರು ಹೊರಗಿನವರಲ್ಲ, ಅಲ್ಲಿಯ ಬೇಸಾಯಗಾರರೇ. ವಾರದ ಬಳಿಕ ‘ಕೋರ್ಟ್ ಲೀಟ್’ ಎಂಬ ಗ್ರಾಮನ್ಯಾಯಸಭೆ ಸೇರಿ, ತಪ್ಪಿದವರಿಗೆ ದಂಡ ವಿಧಿಸುತ್ತದೆ.

ಜಮೀನಿನ ಒಡೆತನ 1952ರಲ್ಲಿ ಕೃಷಿ ಸಚಿವಾಲಯಕ್ಕೂ 1981ರಲ್ಲಿ ಕ್ರೌನ್ ಎಸ್ಟೇಟಿಗೂ ಹೋಗಿ, 2020ರಲ್ಲಿ ಹಳೆಯ ಒಡೆಯರಾದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಒಡೆಯರು ಬದಲಾದರೂ ಗೂಟ ನೆಡುವ ಕೆಲಸ ಊರವರ ಕೈಯಲ್ಲಿಯೇ ಉಳಿದಿದೆ. ಇದನ್ನು ಕೇವಲ ಗತಕಾಲದ ಕುತೂಹಲವೆಂದು ನಾವು ಭಾವಿಸಲಾರೆವು. ನೆರೆಹೊರೆಯವರು ವರ್ಷಕ್ಕೊಮ್ಮೆಯಾದರೂ ಕೂಡಿ ನಡೆದು ನೋಡಿದಲ್ಲಿ ಮಾತ್ರ ಎಲ್ಲರ ಸ್ವತ್ತು ಎಲ್ಲರದಾಗಿ ಉಳಿಯುತ್ತದೆ.