ಎರಡು ಕಣ್ಣುಗಳ ಕ್ಯಾಮರಾ

ಯಮಳಮಸೂರ ಕ್ಯಾಮರಾದಲ್ಲಿ ನೋಡುವ ಕಣ್ಣು ಬೇರೆ, ಚಿತ್ರವನ್ನು ಗ್ರಹಿಸುವ ಕಣ್ಣು ಬೇರೆ. ಮೇಲಿನ ಮಸೂರದಿಂದ ಬಂದ ಬೆಳಕು ಓರೆಗನ್ನಡಿಯಲ್ಲಿ ಪ್ರತಿಫಲಿಸಿ ಮಸುಕುಗಾಜಿನ ಮೇಲೆ ಬಿಂಬವಾಗಿ ಮೂಡುತ್ತದೆ. ಕೆಳಗಿನ ಮಸೂರವು ಫಿಲ್ಮಿನ ಮೇಲೆ ಚಿತ್ರವನ್ನು ಬೀಳಿಸುತ್ತದೆ. ಛಾಯಾಗ್ರಾಹಕನು ತಲೆ ಬಾಗಿಸಿ ನೋಡಬೇಕು. ಬಿಂಬದಲ್ಲಿ ಎಡಬಲಗಳು ವ್ಯತ್ಯಸ್ತವಾಗಿರುವುದರಿಂದ ಅಭ್ಯಾಸವು ಅವಶ್ಯಕ.

ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆಯ ರೋಲಿಫ್ಲೆಕ್ಸ್ 1929ರಲ್ಲಿ ಈ ಕುಲಕ್ಕೆ ಕೀರ್ತಿ ತಂದಿತು. ಆದರೆ ಅದರ ಬೆಲೆ ಸಾಮಾನ್ಯರಿಗೆ ದೂರವಾಗಿತ್ತು. ಜಪಾನಿನ ಯಾಷಿಕಾ ಸಂಸ್ಥೆಯು 1970ರಲ್ಲಿ ಹೊರತಂದ ಯಾಷಿಕಾ ಮ್ಯಾಟ್ 124ಜಿ ಅದೇ ಮಾರ್ಗವನ್ನು ಮಿತವ್ಯಯದಲ್ಲಿ ಅನುಸರಿಸಿತು. ಇದರ ಮಸೂರದ ಸಂಗಮದೂರ 80 ಮಿ.ಮೀ.; ಷಟರಿನ ವೇಗ 1 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ. 120 ಫಿಲ್ಮಿನ ಒಂದು ಸುರುಳಿಯಲ್ಲಿ 12 ಚೌಕ ಚಿತ್ರಗಳು ದೊರೆಯುತ್ತವೆ. ಪ್ರತಿಯೊಂದರ ವಿಸ್ತೀರ್ಣವು 35 ಮಿ.ಮೀ. ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಅಧಿಕ. ಆದುದರಿಂದಲೇ ಹಿಗ್ಗಿಸಿದಾಗಲೂ ವಿವರಗಳು ಸುಲಭವಾಗಿ ಮಾಸುವುದಿಲ್ಲ.

ಇದರ ತಯಾರಿಕೆ 1980ರ ದಶಕದಲ್ಲೇ ನಿಂತುದರಿಂದ ಇಂದು ಬಳಸಿದ ಕ್ಯಾಮರಾವನ್ನೇ ಕೊಳ್ಳಬೇಕು. ಅಗ್ಗವೆಂದು ಪರೀಕ್ಷಿಸದೆ ಕೊಂಡರೆ ದುರಸ್ತಿಯ ವೆಚ್ಚವು ಕ್ರಯವನ್ನೇ ಮೀರಬಹುದು. ಮಸೂರವನ್ನು ಬೆಳಕಿಗೆ ಹಿಡಿದು ಬೂಷ್ಟಿನ ಎಳೆಗಳಿವೆಯೇ ಎಂದು ನೋಡಬೇಕು. ತೇವವಿರುವ ಪ್ರದೇಶಗಳಲ್ಲಿ ಇದು ಸಾಮಾನ್ಯ ರೋಗ. 1 ಸೆಕೆಂಡಿನ ವೇಗದಲ್ಲಿ ಷಟರ್ ತಡೆಯದೆ ಮುಚ್ಚಿಕೊಳ್ಳುವುದೇ ಎಂಬುದನ್ನು ಗಮನಿಸಬೇಕು. ಒಳಗಿನ ಬೆಳಕುಮಾಪಕಕ್ಕೆ ಬೇಕಾಗಿದ್ದ ಪಾದರಸದ ಬ್ಯಾಟರಿಯು ಈಗ ತಯಾರಾಗುವುದಿಲ್ಲ. ಪ್ರತ್ಯೇಕ ಮಾಪಕವನ್ನು ಇಟ್ಟುಕೊಳ್ಳುವುದು ಲೇಸು.

ಹನ್ನೆರಡೇ ಚಿತ್ರಗಳೆಂಬ ಮಿತಿಯು ಕೊರತೆಯಲ್ಲ. ಗುಂಡಿಯನ್ನೊತ್ತುವ ಮೊದಲು ಬೆಳಕನ್ನು ಅಳೆದು, ದೂರವನ್ನು ನಿಶ್ಚಯಿಸಿ, ನೋಡುವುದನ್ನು ಕಲಿಯುವ ವಿದ್ಯಾರ್ಥಿಗೆ ಅದು ಉತ್ತಮ ಶಿಕ್ಷಣ.