ನಗಿಸುವವನಿಗೆ ದುಡ್ಡು ಕೊಡುವವರು ಯಾರು? ಫಿಲಿಪ್ ಲೋಬ್ ಎಂಬ ನಟನ ವೃತ್ತಿಜೀವನ

ಹಾಸ್ಯನಟರ ಬಗ್ಗೆ ಮಾತು ಬಂದರೆ ನಾವು ಅವರ ಮಾತುಗಾರಿಕೆ, ಮುಖಭಾವ ಇವುಗಳನ್ನೇ ಹೆಚ್ಚು ಚರ್ಚೆ ಮಾಡ್ತೇವೆ. ನಾನು ಇವತ್ತು ಒಬ್ಬ ನಟನನ್ನು ಇಟ್ಟುಕೊಂಡು ಸ್ವಲ್ಪ ಒರಟಾದ ಪ್ರಶ್ನೆ ಕೇಳಬೇಕೆಂದಿದ್ದೇನೆ: ಆ ನಗುವಿಗೆ ದುಡ್ಡು ಕೊಡುವವರು ಯಾರು? ನಟ ಅಮೆರಿಕದ ಫಿಲಿಪ್ ಲೋಬ್. ರಂಗಭೂಮಿಯಲ್ಲೂ ಟೆಲಿವಿಷನ್ನಿನಲ್ಲೂ ಅದೇ ಮನುಷ್ಯ, ಅದೇ ಕಲೆ. ಒಂದು ಕಡೆ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ತೆರೆದೇ ಇತ್ತು. ಯಾಕೆ ಅನ್ನುವುದು ನನ್ನ ವಿಷಯ.

ಲೋಬ್ ಹುಟ್ಟಿದ್ದು 1891ರಲ್ಲಿ, ಫಿಲಡೆಲ್ಫಿಯಾದ ಯಹೂದಿ ಕುಟುಂಬದಲ್ಲಿ. ಮೊದಲ ಮಹಾಯುದ್ಧದ ನಂತರ ನ್ಯೂಯಾರ್ಕಿನ ಥಿಯೇಟರ್ ಗಿಲ್ಡ್ ಸೇರಿ ರಂಗದ ಹಿಂದೆ ಮುಂದೆ ಎರಡೂ ಕಡೆ ದುಡಿದರು. 1925ರಲ್ಲಿ ಗಿಲ್ಡಿನ ಕಿರಿಯ ಕಲಾವಿದರು 'ಗ್ಯಾರಿಕ್ ಗೇಯ್ಟೀಸ್' ಎಂಬ ಹಾಡು-ನಗೆಯ ಪ್ರದರ್ಶನ ಮಾಡಿದರು. ಹೊಸ ರಂಗಮಂದಿರಕ್ಕೆ ಗೋಡೆಯ ಚಿತ್ರಪರದೆ ಕೊಳ್ಳಲು ಹಣ ಬೇಕಿತ್ತು, ಅಷ್ಟೇ ಉದ್ದೇಶ. ಆದರೆ ಪ್ರದರ್ಶನ ಎಷ್ಟು ಜನಪ್ರಿಯವಾಯಿತೆಂದರೆ ರಿಚರ್ಡ್ ರಾಜರ್ಸ್ ಮತ್ತು ಲೊರೆನ್ಜ್ ಹಾರ್ಟ್ ಎಂಬ ಹಾಡಿನ ಜೋಡಿಗೆ ಮೊದಲ ದೊಡ್ಡ ಯಶಸ್ಸು ಸಿಕ್ಕಿದ್ದೇ ಇಲ್ಲಿ. ಅದರ ನಿರ್ದೇಶಕ ಲೋಬ್. 1937ರಲ್ಲಿ 'ರೂಮ್ ಸರ್ವೀಸ್' ನಾಟಕದಲ್ಲಿ ಅಭಿನಯಿಸಿದರು. ಮರುವರ್ಷ ಮಾರ್ಕ್ಸ್ ಸಹೋದರರು ಅದನ್ನು ಸಿನಿಮಾ ಮಾಡಿದಾಗ ಅದರಲ್ಲೂ ಇವರು ಬೇರೊಂದು ಪಾತ್ರ ಮಾಡಿದರು.

ಇದರ ಜೊತೆಗೇ ಇನ್ನೊಂದು ಕೆಲಸ ನಡೆದಿತ್ತು. ಆಗಿನ ಬ್ರಾಡ್‌ವೇಯಲ್ಲಿ ನಟರು ವಾರಗಟ್ಟಲೆ ತಾಲೀಮು ಮಾಡಬೇಕು, ಅದಕ್ಕೆ ಒಂದು ಕಾಸೂ ಇಲ್ಲ. ನಾಟಕ ಎರಡೇ ದಿನಕ್ಕೆ ನಿಂತರೆ ಗತಿ ದೇವರೇ. ತಾಲೀಮಿಗೂ ಸಂಬಳ ಕೊಡಬೇಕೆಂದು 1930ರ ದಶಕದಲ್ಲಿ ನಟರ ಸಂಘವಾದ 'ಆಕ್ಟರ್ಸ್ ಈಕ್ವಿಟಿ'ಯ ಒಳಗೆ ಜಗಳ ತೆಗೆದವರಲ್ಲಿ ಲೋಬ್ ಮುಂಚೂಣಿಯಲ್ಲಿದ್ದರು. ಸಂಘದ ಆಡಳಿತ ಮಂಡಳಿಯಲ್ಲೂ ಇದ್ದರು. ಮುಂದೆ ಇವರ ಮೇಲೆ ಬಂದ ಗುಮಾನಿಗೆ ಈ ಜಗಳಗಂಟಿತನವೂ ಕಾರಣ ಎಂಬುದು ನನ್ನ ಅನಿಸಿಕೆ.

ಇನ್ನು 'ದಿ ಗೋಲ್ಡ್‌ಬರ್ಗ್ಸ್' ವಿಷಯ. ಗರ್ಟ್ರೂಡ್ ಬರ್ಗ್ ಎಂಬ ಲೇಖಕಿ 1929ರಿಂದ ರೇಡಿಯೋದಲ್ಲಿ ಬರೆದು ನಟಿಸುತ್ತಿದ್ದ ಕುಟುಂಬಕಥೆ ಇದು. ಬ್ರಾಂಕ್ಸಿನ ಬಾಡಿಗೆ ಮನೆಯಲ್ಲಿ ವಲಸೆ ಯಹೂದಿ ದಂಪತಿ, ಇಬ್ಬರು ಮಕ್ಕಳು, ಒಬ್ಬ ಮಾವ. ಮಾಲಿ ಅಮ್ಮನ ಇಂಗ್ಲಿಷ್ ಯಿಡ್ಡಿಷ್ ಜಾಡಿನಲ್ಲಿ ಹಿಂದುಮುಂದಾಗಿ ಬರುತ್ತದೆ, ನಗು ಅಲ್ಲೇ ಹುಟ್ಟುತ್ತದೆ. ಆದರೆ ಅದು ಅಣಕ ಆಗುವುದಿಲ್ಲ, ಯಾಕೆಂದರೆ ಬರೆದವರು ಒಳಗಿನವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಬೆಳೆದ ಕಾಸರಗೋಡಿನ ನಮ್ಮಂಥವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

1948ರಲ್ಲಿ ಬರ್ಗ್ ಇದೇ ಕುಟುಂಬವನ್ನು 'ಮಿ ಆ್ಯಂಡ್ ಮಾಲಿ' ಹೆಸರಿನಲ್ಲಿ ಬ್ರಾಡ್‌ವೇಗೆ ತಂದಾಗ ಗಂಡ ಜೇಕ್ ಆದವರು ಲೋಬ್. 1949ರ ಜನವರಿಯಲ್ಲಿ ಅದು ಸಿಬಿಎಸ್ ಟೆಲಿವಿಷನ್ನಿಗೆ ಬಂದಾಗಲೂ ಅವರೇ. ಜೇಕ್ ಬಟ್ಟೆ ಹೊಲಿಸಿ ಮಾರುವ ವ್ಯಾಪಾರಿ. ಯಾವಾಗಲೂ ದುಡ್ಡಿನ ಚಿಂತೆ, ಮೂಗಿನ ತುದಿಯಲ್ಲಿ ಕೋಪ. ತಮಾಷೆಯ ಮಾತೆಲ್ಲ ಹೆಂಡತಿಯ ಪಾಲಿಗೆ. ಗಂಡ ಅದನ್ನು ಕೇಳಿಸಿಕೊಳ್ಳಬೇಕು, ಸಿಡುಕಬೇಕು, ಕೊನೆಗೆ ಕರಗಬೇಕು. ಕೇಳಿಸಿಕೊಳ್ಳುವುದರಲ್ಲೇ ನಗು ತರುವುದು ಎಷ್ಟು ಕಷ್ಟ ಅಂತ ನಾಟಕ ಮಾಡಿದವರಿಗೆ ಗೊತ್ತುಂಟು. ಅದೂ ನೇರ ಪ್ರಸಾರ, ತಪ್ಪಿದರೆ ಎರಡನೆಯ ಅವಕಾಶ ಇಲ್ಲ.

ಇಲ್ಲಿ ಕಿಟಕಿಯ ಕಡೆ ಗಮನ ಕೊಡಿ. ಮಾಲಿ ಕಿಟಕಿಯಿಂದ ಬಗ್ಗಿ ಪಕ್ಕದ ಮನೆಯವರನ್ನು ಕೂಗುತ್ತಾಳೆ. ಅದೇ ಕಿಟಕಿಯಿಂದ ವೀಕ್ಷಕರ ಕಡೆ ತಿರುಗಿ, ಪಾತ್ರ ಬಿಡದೆಯೇ, 'ಸ್ಯಾಂಕಾ' ಕಾಫಿಯ ಗುಣಗಾನ ಮಾಡುತ್ತಾಳೆ. ಸ್ಯಾಂಕಾ ಜನರಲ್ ಫುಡ್ಸ್ ಕಂಪನಿಯದ್ದು. ಕಾರ್ಯಕ್ರಮದ ಖರ್ಚು ಕೊಡುವ ಪ್ರಾಯೋಜಕರು ಅವರೇ. ಆಗಿನ ಟೆಲಿವಿಷನ್ನಿನಲ್ಲಿ ಕಥೆಗೂ ಜಾಹೀರಾತಿಗೂ ನಡುವೆ ಗೋಡೆ ಇರಲಿಲ್ಲ.

1950ರ ಜೂನಿನಲ್ಲಿ 'ರೆಡ್ ಚಾನಲ್ಸ್' ಎಂಬ ಪುಸ್ತಿಕೆ ಬಂತು. ರೇಡಿಯೋ, ಟೆಲಿವಿಷನ್ನಿನ 151 ಜನರ ಹೆಸರು, ಅವರಿಗೆ ಯಾವ ಯಾವ ಎಡಪಂಥೀಯ ಸಂಘಟನೆಗಳ ನಂಟಿದೆ ಎಂಬ ಪಟ್ಟಿ. ಇದು ಸರಕಾರದ ದಾಖಲೆಯಲ್ಲ, ಕೋರ್ಟಿನ ತೀರ್ಪೂ ಅಲ್ಲ. ಖಾಸಗಿಯವರು ಅಚ್ಚು ಹಾಕಿಸಿದ್ದು. ಲೋಬ್ ಹೆಸರು ಅದರಲ್ಲಿತ್ತು. ತಾನು ಕಮ್ಯುನಿಸ್ಟ್ ಪಕ್ಷದ ಸದಸ್ಯನಲ್ಲ ಎಂದು ಅವರು ಹೇಳಿದರು. ಆದರೆ ಕಾಫಿ ಮಾರುವವರಿಗೆ ಬೇಕಾದದ್ದು ಸತ್ಯಾಸತ್ಯತೆಯ ವಿಚಾರಣೆ ಅಲ್ಲವಲ್ಲ. 'ವಿವಾದ' ಎಂಬ ಒಂದು ಶಬ್ದ ಸಾಕು. ಅದೇ ಕಂಪನಿ ಆ ವರ್ಷ ಜೀನ್ ಮ್ಯೂರ್ ಎಂಬ ನಟಿಯನ್ನು ಬೇರೊಂದು ಕಾರ್ಯಕ್ರಮದಿಂದ ಕೈಬಿಟ್ಟಿತ್ತು.

ಲೋಬ್ ಅವರನ್ನು ತೆಗೆಯಲು ಬರ್ಗ್ ಒಪ್ಪಲಿಲ್ಲ. ಒಂದು ವರ್ಷದಷ್ಟು ಕಾಲ ತಡೆದು ನಿಂತರು. 1951ರಲ್ಲಿ ಪ್ರಾಯೋಜಕರು ಹೊರಟರು, ಸಿಬಿಎಸ್ ಕಾರ್ಯಕ್ರಮ ನಿಲ್ಲಿಸಿತು. 1952ರ ಆರಂಭದಲ್ಲಿ ಅದು ಎನ್‌ಬಿಸಿಯಲ್ಲಿ ಮತ್ತೆ ಶುರುವಾದಾಗ ಜೇಕ್ ಬೇರೆ, ಹೆರಾಲ್ಡ್ ಸ್ಟೋನ್. ಲೋಬ್ ಪರಿಹಾರದ ಹಣ ಪಡೆದು ಹೊರಗೆ ಬಂದಿದ್ದರು. ಬರ್ಗ್ ಸೋತರು ಅಂತ ಬರೆಯುವವರಿದ್ದಾರೆ. ಇಡೀ ತಂಡದ ಅನ್ನ ಆಕೆಯ ಕೈಯಲ್ಲಿತ್ತು ಎಂಬುದನ್ನೂ ಸೇರಿಸಿ ಓದಬೇಕು.

ಅದೇ ವರ್ಷದ ಕೊನೆಯಲ್ಲಿ ಲೋಬ್ ಬ್ರಾಡ್‌ವೇಯ 'ಟೈಮ್ ಔಟ್ ಫಾರ್ ಜಿಂಜರ್' ಎಂಬ ಹಾಸ್ಯನಾಟಕದಲ್ಲಿ ಮೆಲ್ವಿನ್ ಡಗ್ಲಸ್ ಜೊತೆ ಪಾತ್ರ ಮಾಡುತ್ತಿದ್ದರು. ಅಲ್ಲಿ ಯಾರೂ ತಡೆಯಲಿಲ್ಲ. ರಂಗಭೂಮಿಗೆ ಹಣ ಬರುವುದು ಟಿಕೆಟಿನಿಂದ. ನಮ್ಮ ಯಕ್ಷಗಾನದಲ್ಲಿ ಡೇರೆ ಮೇಳದ ಆಟಕ್ಕೂ ಹರಕೆ ಆಟಕ್ಕೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ: ಒಂದು ಕಡೆ ಸಾವಿರ ಜನ ಚಿಲ್ಲರೆ ಚಿಲ್ಲರೆಯಾಗಿ ಕೊಡುವುದು, ಇನ್ನೊಂದು ಕಡೆ ಒಬ್ಬರೇ ಇಡೀ ಖರ್ಚು ಕೊಡುವುದು. ಟಿಕೆಟು ಕೊಂಡ ಸಾವಿರ ಜನರನ್ನು ಒಟ್ಟಿಗೆ ಹೆದರಿಸುವುದು ಕಷ್ಟ, ಒಬ್ಬ ಪ್ರಾಯೋಜಕನಿಗೆ ಕೆಲವು ಫೋನ್ ಕರೆ ಸಾಕು.

ಆದರೆ ರಂಗಭೂಮಿಯ ಕೆಲಸ ಇವತ್ತುಂಟು, ನಾಳೆ ಇಲ್ಲ. ಲೋಬ್ ಅವರ ಮಗ ತೀವ್ರ ಮಾನಸಿಕ ಅನಾರೋಗ್ಯದಿಂದ ಖಾಸಗಿ ಆಸ್ಪತ್ರೆಯಲ್ಲಿದ್ದ. ಆ ಖರ್ಚು ಹೊರಲಾಗದೆ ಅವನನ್ನು ಸರಕಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಗೆಳೆಯ ಜೀರೋ ಮಾಸ್ಟೆಲ್, ತಾನೂ ಅದೇ ಬಹಿಷ್ಕಾರಕ್ಕೆ ಸಿಕ್ಕಿಬಿದ್ದ ಹಾಸ್ಯನಟ, ಲೋಬ್ ಅವರನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. 1955ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಲೋಬ್ ತಾವೇ ಪ್ರಾಣ ಕಳೆದುಕೊಂಡರು.

1976ರ 'ದಿ ಫ್ರಂಟ್' ಸಿನಿಮಾದಲ್ಲಿ ಕೆಲಸ ಕಳೆದುಕೊಂಡ ಹಾಸ್ಯನಟ ಹೆಕ್ಕಿ ಬ್ರೌನ್ ಪಾತ್ರವನ್ನು ಮಾಸ್ಟೆಲ್ ಮಾಡಿದ. ಅದರಲ್ಲಿ ಲೋಬ್ ಕಥೆಯ ನೆರಳುಂಟು. ಆಸಕ್ತಿ ಇರುವವರು ಅದಕ್ಕಿಂತ ಮೊದಲು 'ದಿ ಗೋಲ್ಡ್‌ಬರ್ಗ್ಸ್'ನ ಉಳಿದ ಕಂತುಗಳನ್ನು ನೋಡಬೇಕು. ನೇರ ಪ್ರಸಾರವನ್ನು ಪರದೆಯಿಂದ ಫಿಲ್ಮಿಗೆ ಇಳಿಸಿಕೊಂಡವು, ಚಿತ್ರ ಮಸುಕು, ಧ್ವನಿ ಸುಮಾರು. ಲೋಬ್ ಇರುವ ಒಂದು ಕಂತು, ಇಲ್ಲದ ಒಂದು ಕಂತು ಪಕ್ಕಪಕ್ಕ ಇಟ್ಟು, ಮಾಲಿ ಮಾತಾಡುವಾಗ ಜೇಕ್ ಏನು ಮಾಡ್ತಾನೆ ಅನ್ನುವುದನ್ನು ಮಾತ್ರ ಗಮನಿಸಿ. ಅಲ್ಲಿ ಕಂಡದ್ದನ್ನು ಚರ್ಚೆಗೆ ತನ್ನಿ.